ಕೈಯಿಂದ ಊದಿದ ಗಾಜು

ನಮ್ಮ ಮನೆಗೆ ಬರುವ ನೆಂಟರಿಗಾಗಿ ತಳೇಗಾಂವ ದಾಭಾಡೆಯ ಬಗ್ಗೆ ಕನ್ನಡದಲ್ಲಿ ಒಂದು ಪುಟ ಬರೆಯುತ್ತಿದ್ದೆ. ಪೈಸಾ ಫಂಡ್ ಗಾಜಿನ ಕಾರ್ಖಾನೆಯನ್ನು ಬಿಡುವಂತಿಲ್ಲ. ಅಂತಾಜಿ ದಾಮೋದರ ಕಾಳೆಯವರು ಜನರಿಂದ ಒಂದೊಂದು ಪೈಸೆ ಕೂಡಿಸಿದ ಸ್ವದೇಶಿ ನಿಧಿಯಿಂದ 1908ರಲ್ಲಿ ಇಲ್ಲಿ ಶುರುವಾದದ್ದು ಅದು. ಗಾಜಿನ ಬಗ್ಗೆ ಓದುವಾಗ 'ಹ್ಯಾಂಡ್-ಬ್ಲೋನ್' ಎಂಬ ಇಂಗ್ಲಿಷ್ ವಿಶೇಷಣ ಸಿಕ್ಕಿತು. 'ಕೈಯಿಂದ ಊದಿದ ಗಾಜು' ಎಂದು ಬರೆದು ಅವ್ವನಿಗೆ ಓದಿ ಹೇಳಿದೆ.

"ಕೈಲೆ ಹೆಂಗ ಊದತಾರೋ ತಮ್ಮಾ? ಬಾಯಿ ಇರೂದಿಲ್ಲೇನ ಅವರಿಗೆ?"

ನಿಜವೇ. ಕಬ್ಬಿಣದ ಉದ್ದ ಕೊಳವೆಯ ತುದಿಯಲ್ಲಿ ಕಾದ ಗಾಜಿನ ಮುದ್ದೆ ಹಿಡಿದು ಊದುವುದು ಬಾಯಿಂದ. ಅದು ಜೋತುಬೀಳದಂತೆ ಕೊಳವೆ ತಿರುಗಿಸುತ್ತಿರುವುದಷ್ಟೇ ಕೈ. ಇಲ್ಲಿ 'ಹ್ಯಾಂಡ್' ಎಂದರೆ 'ಯಂತ್ರದಿಂದಲ್ಲ' ಎಂದರ್ಥ. 'ಮೌತ್-ಬ್ಲೋನ್' ಎನ್ನುವವರೂ ಇದ್ದಾರೆ.

ಇಂಗ್ಲಿಷಿನ ಇಂಥ ಜೋಡುಪದಗಳು ನಡುವಿನ ಸಂಬಂಧ ಬಾಯಿಬಿಟ್ಟು ಹೇಳುವುದಿಲ್ಲ. 'ಸನ್-ಡ್ರೈಡ್' ಬಿಸಿಲಿನಲ್ಲಿ ಒಣಗಿಸಿದ್ದು, 'ಮ್ಯಾನ್-ಮೇಡ್' ಮನುಷ್ಯ ಮಾಡಿದ್ದು. ನಮ್ಮ ತತ್ಪುರುಷ ಸಮಾಸವೂ ಅಷ್ಟೇ ಅಲ್ಲವೇ? ಹಗಲಿನಲ್ಲಿ ಕಂಡ ಕನಸು 'ಹಗಲುಗನಸು' ಆಗುವಾಗ ವಿಭಕ್ತಿ ಮಾಯ. ಶಾಲೆಯಲ್ಲಿ ಇದನ್ನು ಉರು ಹೊಡೆದಿದ್ದೆ, ಉಪಯೋಗಕ್ಕೆ ಬಂದದ್ದು ಈಗ.

ಸೋಲಲು ಮನಸ್ಸಿಲ್ಲದೆ ಕೇಳಿದೆ: "ಹಂಗಾರ ಅಜ್ಜಂದು ಕೈಮಗ್ಗ ಹೆಂಗಾತವ್ವಾ?"

ಅಜ್ಜ ಇಳಕಲ್ಲಿನಲ್ಲಿ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಲಾಳಿ ನಡೆಸಿದ್ದು ಕೈ, ಸರಿ. ಆದರೆ ಕುಣಿಯಲ್ಲಿ ಇಳಿಬಿಟ್ಟ ಎರಡೂ ಕಾಲು ದಿನವಿಡೀ ತುಳಿಯದಿದ್ದರೆ ಹಾಸಿನ ಎಳೆಗಳು ಬಾಯಿ ತೆರೆಯುವುದೇ ಇಲ್ಲ. 1985ರ ಕೈಮಗ್ಗ ಮೀಸಲು ಕಾಯಿದೆ ಕೂಡ ಕೈಯ ಮಾತೆತ್ತದೆ, ವಿದ್ಯುತ್ ಮಗ್ಗವಲ್ಲದ ಯಾವುದೇ ಮಗ್ಗ ಕೈಮಗ್ಗ ಎಂದುಬಿಟ್ಟಿತು. ಮಗ್ಗದವರ ಹೊಟ್ಟೆಪಾಡು ಆ ಒಂದು 'ಅಲ್ಲದ'ದ ಮೇಲೆ ನಿಂತಿದೆ.

ಅವ್ವ ನಗಲಿಲ್ಲ. "ಕಡೀಕ ಅಪ್ಪನ ಕೈ ಗಟ್ಟಿ ಇದ್ದೂವೋ. ಮಗ್ಗ ಬಿಡಿಸಿದ್ದು ಮೊಣಕಾಲು. ಕುಣಿಯಿಂದ ಮ್ಯಾಲೆ ಏಳಾಕ ನಾ ರಟ್ಟಿ ಹಿಡೀತಿದ್ದೆ."

ಇದನ್ನು ಅವಳು ಹಿಂದೆಂದೂ ಹೇಳಿರಲಿಲ್ಲ. ಅಜ್ಜನ ಕೈಗುಣವನ್ನು ಹೊಗಳುವುದನ್ನಷ್ಟೇ ನಾವು ಕೇಳಿ ಬೆಳೆದವರು.

ಪುಟದಲ್ಲಿ ಈಗ 'ಬಾಯಿಂದ ಊದಿ, ಕೈಯಿಂದ ತಿರುವಿ ಮಾಡಿದ ಗಾಜು' ಎಂದಿದೆ. ವಿಶೇಷಣ ಉದ್ದವಾಯಿತು, ಇರಲಿ. ಕೈಮಗ್ಗಕ್ಕೆ ಬೇರೆ ಹೆಸರಿಡೋಣವೇ ಎಂದಿದ್ದಕ್ಕೆ ಅವ್ವ, "ಕಾಲ್ಮಗ್ಗ ಅಂದ್ರ ಯಾರು ಉಡತಾರೋ ಆ ಸೀರಿ?" ಎನ್ನುತ್ತಾ ಚಹಾಕ್ಕಿಡಲು ಎದ್ದಳು.