ಆಟ ಕಟ್ಟಿದವನಿಗೆ ಬಾಡಿಗೆ ಬೇಡವೇ?

ಕಳೆದ ತಿಂಗಳು ರಾತ್ರಿ ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ಳುತ್ತಿದ್ದಾಗ ಎಂಜಿನಿಯರಿಂಗ್ ಕಾಲೇಜಿನ ಗೆಳೆಯನೊಬ್ಬ ಫೋನ್ ಮಾಡಿದ. ಹಾಸ್ಟೆಲ್‌ನಲ್ಲಿ ಕರೆಂಟ್ ಹೋದಾಗಲೆಲ್ಲ ಮೇಣದಬತ್ತಿ ಹಚ್ಚಿಕೊಂಡು ಇಸ್ಪೀಟು ಆಡುತ್ತಿದ್ದವರು ನಾವು. ಅವನಿಗೆ ಮಾತ್ರ ಆಡೋದಕ್ಕಿಂತ ಆಟದ ನಿಯಮ ಬದಲಾಯಿಸೋದರಲ್ಲೇ ಖುಷಿ. ಈಗ ಮನೆಮಂದಿಯೆಲ್ಲ ಕೂತು ಆಡುವಂಥ ಒಂದು ಕಾರ್ಡ್ ಆಟ ಕಟ್ಟಿದ್ದಾನೆ. ಒಂದು ಕಂಪನಿ, ‘ನಾವು ಮಾರ್ತೀವಿ, ಪೆಟ್ಟಿಗೆಗೆ ಇಷ್ಟು ಅಂತ ರಾಯಲ್ಟಿ ಕೊಡ್ತೀವಿ’ ಅಂದಿದೆಯಂತೆ. ‘ಮಗಾ, ಮೊದ್ಲು ಪೇಟೆಂಟ್ ಮಾಡಿಸ್ಕೊಂಡ್ರೆ ಸೇಫ್ ಅಲ್ವಾ?’ ಅಂತ ಕೇಳಿದ.

ಅಷ್ಟೇನೂ ಸೇಫ್ ಅಲ್ಲ ಅಂತ ಹೇಳೋಕೆ ನಾನು ಅವನನ್ನು ಲಾಸ್ ವೇಗಸ್‌ವರೆಗೂ ಕರೆದುಕೊಂಡು ಹೋಗಬೇಕಾಯಿತು. ಫೋನಿನಲ್ಲೇ! ಅದೇ ಕಥೆ ಇವತ್ತು ನಿಮಗೂ.

ನೋಡಿ, ಬ್ಲ್ಯಾಕ್‌ಜಾಕ್ ಅನ್ನುವ ಆಟ ಯಾರಪ್ಪನ ಸ್ವತ್ತೂ ಅಲ್ಲ. ಎಲೆಗಳ ಮೊತ್ತವನ್ನು 21ಕ್ಕೆ ಹತ್ತಿರ ತರಬೇಕು, ದಾಟಬಾರದು. ಅಷ್ಟೇ ಆಟ. ಲೆಕ್ಕ ಬಲ್ಲವನು ತಪ್ಪಿಲ್ಲದೆ ಆಡಿದರೆ, ನಿಯಮಗಳು ಚೆನ್ನಾಗಿರುವ ಮೇಜಿನಲ್ಲಿ, ನೂರು ಡಾಲರ್ ಪಣಕ್ಕೆ ಕ್ಯಾಸಿನೊಗೆ ಸರಾಸರಿ ಉಳಿಯೋದು ಅರ್ಧ ಡಾಲರ್ ಆಸುಪಾಸು. ಅದೇ ಮೇಜಿನ ಮೇಲೆ ಇನ್ನೊಂದು ಪುಟ್ಟ ವೃತ್ತ ಬರೆದು, ‘ನಿಮ್ಮ ಮೊದಲ ಎರಡು ಎಲೆ ಕೂಡಿ 20 ಆದರೆ ಇಷ್ಟು ಪಟ್ಟು ಕೊಡ್ತೀವಿ, ಇಲ್ಲಿ ಬೇರೆ ದುಡ್ಡು ಇಡಿ’ ಅಂದರೆ? ಇದಕ್ಕೆ ಸೈಡ್ ಬೆಟ್ ಅಂತಾರೆ, ಪಕ್ಕದ ಪಣ. ಇಂಥವುಗಳಲ್ಲಿ ಅನೇಕದರಲ್ಲಿ ಕ್ಯಾಸಿನೊ ನೂರಕ್ಕೆ ಹತ್ತು ಡಾಲರ್, ಕೆಲವದರಲ್ಲಿ ಇನ್ನೂ ಹೆಚ್ಚು ಉಳಿಸಿಕೊಳ್ಳುತ್ತೆ. ನಾಲ್ಕನೇ ಸೆಮಿಸ್ಟರ್‌ನಲ್ಲಿ ಸಂಭವನೀಯತೆ ಪಾಠ ಮಾಡಿದ ಮೇಷ್ಟ್ರು ಇದೊಂದು ಉದಾಹರಣೆ ಕೊಟ್ಟಿದ್ದರೆ ನಾನು ಆ ಪೇಪರ್ ಎರಡು ಸಲ ಬರೆಯುವ ಪ್ರಮೇಯ ಬರುತ್ತಿರಲಿಲ್ಲ.

ಹಾಗಾಗಿ ಕ್ಯಾಸಿನೊಗಳು ಹೊಸ ಆಟಕ್ಕೆ ಬಾಡಿಗೆ ಕೊಡುತ್ತವೆ. ಆಟಕ್ಕೂ ಬಾಡಿಗೆಯಾ? ಹೌದು, ಒಂದೊಂದು ಮೇಜಿಗೂ ತಿಂಗಳ ಲೆಕ್ಕದಲ್ಲಿ. ಬ್ರಿಟನ್ನಿನ ಡೆರೆಕ್ ವೆಬ್ ಪೋಕರ್ ಆಡುತ್ತಿದ್ದವರು. 1990ರ ದಶಕದಲ್ಲಿ ಅವರು ಕಟ್ಟಿದ ‘ಥ್ರೀ ಕಾರ್ಡ್ ಪೋಕರ್’ ಇವತ್ತು ಜಗತ್ತಿನ ನೂರಾರು ಕ್ಯಾಸಿನೊಗಳಲ್ಲಿದೆ. ಆದರೆ ಒಬ್ಬ ಸಾಮಾನ್ಯ ಮನುಷ್ಯ ಆಟ ಕಟ್ಟಿಕೊಂಡು ನೇರವಾಗಿ ಕ್ಯಾಸಿನೊ ಬಾಗಿಲು ತಟ್ಟೋದು ಸುಲಭವಲ್ಲ. ಗಣಿತದ ವರದಿ ಬೇಕು, ನೆವಾಡಾ ರಾಜ್ಯದ ಜೂಜು ನಿಯಂತ್ರಕರ ಒಪ್ಪಿಗೆ ಬೇಕು, ಊರೂರಿಗೆ ಹೋಗಿ ಮಾರುವ ಜನ ಬೇಕು. ಅಲ್ಲಿ ಬರುತ್ತಾನೆ ವಿತರಕ. ಲೆಕ್ಕಕ್ಕೆ ಅಂತ ಇಟ್ಕೊಳ್ಳಿ: ಮೇಜಿಗೆ ತಿಂಗಳಿಗೆ 1,000 ಡಾಲರ್ ಬಾಡಿಗೆ, 500 ಮೇಜು, ಆಟ ಕಟ್ಟಿದವನಿಗೆ ಶೇ. 20. ಕೂತಲ್ಲೇ ತಿಂಗಳಿಗೆ ಒಂದು ಲಕ್ಷ ಡಾಲರ್. ಈಗ ಜಗಳ ಯಾಕೆ ಬರುತ್ತೆ ಅಂತ ಕೇಳಬೇಡಿ!

ಇನ್ನೊಂದು ವಿಷಯ ಗಮನಿಸಿ. ಈ ವಿತರಕರು ಒಬ್ಬರನ್ನೊಬ್ಬರು ನುಂಗುತ್ತಾ ಬಂದಿದ್ದಾರೆ. ಶಫಲ್ ಮಾಸ್ಟರ್ ಅನ್ನುವ ದೊಡ್ಡ ಕಂಪನಿಯನ್ನು 2013ರಲ್ಲಿ ಬ್ಯಾಲಿ ಕೊಂಡಿತು. ಮರುವರ್ಷವೇ ಬ್ಯಾಲಿಯನ್ನು ಸೈಂಟಿಫಿಕ್ ಗೇಮ್ಸ್ ಕೊಂಡಿತು. ಆಟ ಕಟ್ಟಿದವನಿಗೆ ಸಂತೆಯಲ್ಲಿ ಉಳಿದದ್ದು ಬೆರಳೆಣಿಕೆಯ ಅಂಗಡಿಗಳು.

ನಾನು ಗೆಳೆಯನಿಗೆ ಹೇಳಿದ ಪ್ರಕರಣ ಇಲ್ಲಿಂದಲೇ ಶುರು. ನ್ಯೂ ವಿಷನ್ ಗೇಮಿಂಗ್ ಅನ್ನುವ ಸಣ್ಣ ಕಂಪನಿಯ ಹತ್ತಿರ ಕ್ಯಾಸಿನೊ ಆಟಕ್ಕೆ ಸಂಬಂಧಿಸಿದ ಎರಡು ಪೇಟೆಂಟ್ ಇದ್ದವು. ಬ್ಯಾಲಿ ಜೊತೆ ಪರವಾನಗಿ ಒಪ್ಪಂದವೂ ಆಗಿತ್ತು. ಅದರಲ್ಲಿ ಒಂದು ಸಾಲು: ತಕರಾರು ಬಂದರೆ ನೆವಾಡಾದ ಕೋರ್ಟಿನಲ್ಲೇ ಬಗೆಹರಿಸಿಕೊಳ್ಳಬೇಕು. ತಕರಾರು ಬಂತು. ವಿತರಕ ಕಂಪನಿ ಏನು ಮಾಡಿತು ಗೊತ್ತಾ? ಅಮೆರಿಕದ ಪೇಟೆಂಟ್ ಕಚೇರಿಯೊಳಗೇ ಇರುವ ವಿಚಾರಣಾ ಮಂಡಳಿಗೆ ಹೋಗಿ, ‘ಸ್ವಾಮಿ, ಈ ಪೇಟೆಂಟ್‌ಗಳನ್ನು ಕೊಟ್ಟಿದ್ದೇ ತಪ್ಪು, ರದ್ದು ಮಾಡಿ’ ಅಂತ ಅರ್ಜಿ ಹಾಕಿತು. ಬಾಡಿಗೆ ಕರಾರಿಗೆ ಸಹಿ ಹಾಕಿದವನೇ, ಜಗಳ ಬಂದ ದಿನ, ‘ಈ ಮನೆ ನಿಮ್ಮದೇ ಅಲ್ಲ, ಖಾತೆ ರದ್ದು ಮಾಡಿಸ್ತೀನಿ’ ಅಂದ ಹಾಗೆ. 2019ರಲ್ಲಿ ಮಂಡಳಿ ವಿತರಕನ ಮಾತನ್ನೇ ಒಪ್ಪಿತು.

ಹಾಗೆ ಹೇಳೋಕೆ ಕಾನೂನಿನಲ್ಲಿ ಅವಕಾಶ ಇದೆಯಾ? ಇದೆ. 1969ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್, ಲಿಯರ್ ಮತ್ತು ಆಡ್ಕಿನ್ಸ್ ನಡುವಿನ ಮೊಕದ್ದಮೆಯಲ್ಲಿ ಈ ಬಾಗಿಲು ತೆರೆಯಿತು. ಅದು ಜೂಜಲ್ಲ, ವಿಮಾನದ ಜೈರೋಸ್ಕೋಪ್ ಕಥೆ. ಪರವಾನಗಿ ಪಡೆದವನೂ ಆ ಪೇಟೆಂಟ್ ಸರಿಯಿಲ್ಲ ಅಂತ ವಾದಿಸಬಹುದು ಅಂತ ಕೋರ್ಟ್ ಹೇಳಿತು. ಬೇಡದ ಪೇಟೆಂಟ್ ಬದುಕಿದ್ದರೆ ಊರಿಗೆಲ್ಲ ನಷ್ಟ ಅನ್ನೋದು ಅದರ ತರ್ಕ. ತೆಗೆದುಹಾಕುವಂಥ ಮಾತಲ್ಲ ಅದು.

ಎರಡನೇ ಪೆಟ್ಟು 2014ರದ್ದು. ಆಲಿಸ್ ಅನ್ನುವ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ಅಮೂರ್ತ ವಿಚಾರವನ್ನು ಕಂಪ್ಯೂಟರ್‌ನಲ್ಲಿ ಹಾಕಿದ ಮಾತ್ರಕ್ಕೆ ಪೇಟೆಂಟ್ ಸಿಗಲ್ಲ ಅಂದಿತು. ಇದರ ಬಿಸಿ ಇಸ್ಪೀಟಿನ ಮೇಜಿಗೂ ತಟ್ಟಿತು. 2016ರಲ್ಲಿ ಬ್ಲ್ಯಾಕ್‌ಜಾಕ್‌ನದೇ ಒಂದು ಹೊಸ ರೂಪಕ್ಕೆ ಪೇಟೆಂಟ್ ಕೇಳಿದವರಿಗೆ ಮೇಲ್ಮನವಿ ನ್ಯಾಯಾಲಯ ಇಲ್ಲ ಅಂದಿತು. ಪಣದ ಆಟದ ನಿಯಮ ಅಮೂರ್ತ ವಿಚಾರ. ಮಾಮೂಲಿ ಎಲೆಗಳನ್ನು ಕಲೆಸಿ ಹಂಚೋದರಲ್ಲಿ ಹೊಸದೇನಿಲ್ಲ ಅಂತ. ಹೊಚ್ಚ ಹೊಸ ಬಗೆಯ ಎಲೆಕಟ್ಟನ್ನೇ ಮಾಡಿದರೆ ಅದು ಬೇರೆ ಮಾತು ಅಂತ ಒಂದು ಕಿಟಕಿಯನ್ನು ಮಾತ್ರ ತೆರೆದಿಟ್ಟಿತು.

ನಿಜ ಹೇಳಬೇಕೆಂದರೆ ಈ ತರ್ಕ ನನಗೂ ಒಪ್ಪಿಗೆ. ನಮ್ಮ ಚೌಕಾಬಾರದ ನಿಯಮ ಯಾರದೋ ಹೆಸರಲ್ಲಿ ನೋಂದಣಿಯಾಗಿ, ಜಗುಲಿ ಮೇಲೆ ಕೂತ ಅಜ್ಜಿ ಕವಡೆ ಹಾಕಿದ್ದಕ್ಕೆ ನೋಟಿಸ್ ಬಂದರೆ ಹೇಗಿರುತ್ತೆ? ನನ್ನ ತಕರಾರು ಬೇರೆ. ಜಗಳ ಎಲ್ಲಿ ಬಗೆಹರಿಸಬೇಕು ಅಂತ ಸಹಿ ಹಾಕಿದ ಮೇಲೆ, ದೊಡ್ಡವನು ಇನ್ನೊಂದು ಬಾಗಿಲಿಗೆ ಹೋಗಿ ಸಣ್ಣವನನ್ನು ಎರಡೆರಡು ಕಡೆ ವಕೀಲರನ್ನು ಇಟ್ಟುಕೊಳ್ಳುವ ಹಾಗೆ ಮಾಡೋದು ಯಾವ ನ್ಯಾಯ?

ಇದರ ಮಧ್ಯೆ ಇನ್ನೊಂದು ತಮಾಷೆ ನೋಡಿ. 2018ರಲ್ಲಿ, ಈ ವಿವಾದ ಇನ್ನೂ ಮಂಡಳಿಯ ಮುಂದಿರುವಾಗಲೇ, ಷಿಕಾಗೊದಲ್ಲಿ ಒಂದು ಜ್ಯೂರಿ ಸೈಂಟಿಫಿಕ್ ಗೇಮ್ಸ್ ವಿರುದ್ಧ ತೀರ್ಪು ಕೊಟ್ಟಿತು. ಎಲೆ ಕಲೆಸುವ ಯಂತ್ರಗಳ ಪೇಟೆಂಟ್ ತೋರಿಸಿ ಸ್ಪರ್ಧಿಗಳನ್ನು ಹೊರಗಿಟ್ಟಿದ್ದಾರೆ, ಆ ಪೇಟೆಂಟ್‌ಗಳನ್ನು ಪಡೆದದ್ದೇ ಮೋಸದಿಂದ ಅನ್ನೋದು ಆರೋಪ. ಜ್ಯೂರಿ ಹಾಕಿದ ಪರಿಹಾರ 105 ದಶಲಕ್ಷ ಡಾಲರ್. ಏಕಸ್ವಾಮ್ಯ ತಡೆ ಕಾನೂನಿನಂತೆ ಮೂರು ಪಟ್ಟಾಗಿ 315 ದಶಲಕ್ಷ. ಮುಂದೆ ಅದು ರಾಜಿಯಲ್ಲಿ ಮುಗಿಯಿತು. ಅಂದರೆ ಒಂದೇ ಕಂಪನಿ, ಒಂದು ಕಡೆ ತನ್ನ ಪೇಟೆಂಟ್ ಗಟ್ಟಿ ಅನ್ನುತ್ತಿತ್ತು, ಇನ್ನೊಂದು ಕಡೆ ಬೇರೆಯವರ ಪೇಟೆಂಟ್ ಪೊಳ್ಳು ಅನ್ನುತ್ತಿತ್ತು. ವಕೀಲರು ಬೇರೆ ಬೇರೆ ಇದ್ದಿರಬಹುದು ಬಿಡಿ.

ನ್ಯೂ ವಿಷನ್ ಮೇಲ್ಮನವಿ ಹಾಕಿತು. 2021ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಮಂಡಳಿಯ ತೀರ್ಪನ್ನು ತಳ್ಳಿಹಾಕಿ ವಾಪಸ್ ಕಳಿಸಿತು. ಗೆದ್ದರಾ? ತಡೀರಿ. ಕಾರಣ ಆಟವೂ ಅಲ್ಲ, ಒಪ್ಪಂದವೂ ಅಲ್ಲ. ಮಂಡಳಿಯ ನ್ಯಾಯಾಧೀಶರ ನೇಮಕವೇ ಸಂವಿಧಾನದ ಪ್ರಕಾರ ಆಗಿರಲಿಲ್ಲ ಅಂತ ಬೇರೊಂದು ಮೊಕದ್ದಮೆಯಲ್ಲಿ ತೀರ್ಮಾನವಾಗಿತ್ತು, ಅದರ ಲಾಭ ಇವರಿಗೂ ಸಿಕ್ಕಿತು. ಉಳಿದ ಪ್ರಶ್ನೆಗಳನ್ನು ಬಹುಮತದ ತೀರ್ಪು ಮುಟ್ಟಲಿಲ್ಲ. ಆಗ 93 ವರ್ಷದ ನ್ಯಾಯಮೂರ್ತಿ ಪೌಲಿನ್ ನ್ಯೂಮನ್ ಒಬ್ಬರೇ ಭಿನ್ನವಾಗಿ ಬರೆದರು: ಕೋರ್ಟ್ ಯಾವುದು ಅಂತ ಒಪ್ಪಂದದಲ್ಲಿ ಇದೆಯಲ್ಲ, ಆ ಪ್ರಶ್ನೆಯನ್ನು ಮೊದಲು ತೀರ್ಮಾನಿಸಬೇಕಿತ್ತು ಅನ್ನೋದು ಅವರ ನಿಲುವು. ನನ್ನ ಓಟು ಆ ಅಜ್ಜಿಗೆ.

‘ಸರಿ ಕಣೋ, ಅದು ಅಮೆರಿಕ. ಇಲ್ಲಿ?’ ಅಂದ ಗೆಳೆಯ. ಇಲ್ಲಿ ಇಷ್ಟು ಕಥೆಯೇ ಇಲ್ಲ. 1970ರ ನಮ್ಮ ಪೇಟೆಂಟ್ ಕಾಯ್ದೆಯ 3ನೇ ಸೆಕ್ಷನ್ನಿನ ಎಂ ಉಪವಿಧಿ ನೇರವಾಗಿ ಹೇಳುತ್ತೆ: ಆಟ ಆಡುವ ವಿಧಾನ ಆವಿಷ್ಕಾರವೇ ಅಲ್ಲ. ಅಂಥ ನಿಯಮಕ್ಕೆ ಪೇಟೆಂಟ್ ಇಲ್ಲ, ಮುಗೀತು. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ.

ಹಾಗಂತ ಬರಿಗೈ ಅಂತಲೂ ಅಲ್ಲ. ಎಲೆಗಳ ಮೇಲಿನ ಚಿತ್ರ, ನಿಯಮದ ಪುಸ್ತಕದಲ್ಲಿ ಬರೆದ ಮಾತು ಕೃತಿಸ್ವಾಮ್ಯಕ್ಕೆ ಬರುತ್ತೆ. ಆಟದ ಹೆಸರು ಟ್ರೇಡ್‌ಮಾರ್ಕ್‌ಗೆ ಬರುತ್ತೆ. ಇದು ಯಾಕೆ ಮುಖ್ಯ ಅಂತೀರಾ? ಸ್ಪೈಡರ್‌ಮ್ಯಾನ್ ಥರ ಕೈಯಿಂದ ಬಲೆ ಚಿಮ್ಮಿಸುವ ಆಟಿಕೆ ಮಾಡಿದ ಸ್ಟೀಫನ್ ಕಿಂಬಲ್‌ಗೆ ಮಾರ್ವೆಲ್ ಕಂಪನಿ ಶೇ. 3 ರಾಯಲ್ಟಿ ಒಪ್ಪಿಕೊಂಡಿತ್ತು, ಕೊನೆಯ ದಿನಾಂಕ ಬರೆಯದೆ. 2010ರಲ್ಲಿ ಪೇಟೆಂಟ್ ಅವಧಿ ಮುಗಿಯಿತು. ಅಲ್ಲಿಗೆ ರಾಯಲ್ಟಿಯೂ ಮುಗಿಯಿತು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಪೇಟೆಂಟ್ ಅಲ್ಲದ ಹಕ್ಕುಗಳಿಗೆ ಕಟ್ಟಿದ ರಾಯಲ್ಟಿಗೆ ಈ ತೊಡಕಿಲ್ಲ ಅಂತಲೂ ಅದೇ ತೀರ್ಪಿನಲ್ಲಿದೆ. ಅದಕ್ಕೇ ಗೆಳೆಯನಿಗೆ ಹೇಳಿದೆ: ನಿಯಮ ಕಂಪನಿಗೆ ತೋರಿಸುವ ಮುಂಚೆ ಗೌಪ್ಯತೆಯ ಕರಾರಿಗೆ ಸಹಿ ಹಾಕಿಸ್ಕೋ, ರಾಯಲ್ಟಿಯನ್ನು ಹೆಸರಿಗೂ ಚಿತ್ರಕ್ಕೂ ಕಟ್ಟು, ತಕರಾರು ಬಂದರೆ ಎಲ್ಲಿ ಅನ್ನೋ ಸಾಲನ್ನು ಎರಡು ಸಲ ಓದು, ಆಮೇಲೆ ನನ್ನ ಮಾತು ಬಿಟ್ಟು ಒಬ್ಬ ವಕೀಲರನ್ನು ನೋಡು.

ಮೊನ್ನೆ ಮೆಸೇಜ್ ಹಾಕಿದ್ದ. ಹೆಸರನ್ನು ಟ್ರೇಡ್‌ಮಾರ್ಕ್‌ಗೆ ಕಳಿಸಿದ್ದಾನಂತೆ. ಏನು ಹೆಸರೋ ಅಂತ ಕೇಳಿದೆ. ‘ನೋಂದಣಿ ಆಗ್ಲಿ ಮಗಾ, ನಿನ್ನದು ಟಿವಿ ಬಾಯಿ’ ಅಂದ.