ಕಣಕ್ಕೊಂದು ಕಾವಲು ಕಣ್ಣು: ಕ್ಯಾಮರಾ ಕೊಳ್ಳುವ ಮುನ್ನ ತಿಳಿಯತಕ್ಕ ವಿಷಯಗಳು



ವರ್ಷವೆಲ್ಲ ಬೆವರು ಸುರಿಸಿ ಬೆಳೆದ ಅಡಿಕೆ ಅಂಗಳದಲ್ಲಿ ಒಣಗುತ್ತಿದೆ. ಬೆಳಗೆದ್ದು ನೋಡಿದರೆ ನಾಲ್ಕು ಚೀಲ ಕಾಣೆ! ಕೆಲವರಿಗೆ ಅಡಿಕೆ, ಕೆಲವರಿಗೆ ಪಂಪ್‌ಸೆಟ್ಟಿನ ತಾಮ್ರದ ಕೇಬಲ್, ಇನ್ನು ಕೆಲವರಿಗೆ ಟ್ರ್ಯಾಕ್ಟರಿನ ಬ್ಯಾಟರಿ ಅಥವಾ ಕೊಟ್ಟಿಗೆಯ ಕುರಿ. ಇಂತಹ ನಷ್ಟವಾದ ಮರುದಿನವೇ ಪೇಟೆಗೆ ಓಡಿ, ಅಂಗಡಿಯವನು ಕೊಟ್ಟ ಕ್ಯಾಮರಾ ತಂದು ಗೋಡೆಗೆ ಹೊಡೆಯುವವರು ಬಹಳ ಮಂದಿ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಅವಸರದಲ್ಲಿ ತಂದದ್ದು ಬೇಕಾದ ಹೊತ್ತಿಗೆ ಕೆಲಸಕ್ಕೂ ಬರುವುದಿಲ್ಲ. ಆದುದರಿಂದ ಈ ಸಲಕರಣೆಯನ್ನು ಹೇಗೆ ಆರಿಸಬೇಕು, ಹೇಗೆ ಕೂಡಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದೆ. ಮನೆಯವರೆಲ್ಲ ಕುಳಿತು ಓದಿಕೊಳ್ಳಿ.

ಕಾಲುವೆ ಮತ್ತು ಕೆರೆ

ಈ ಏರ್ಪಾಡನ್ನು ಕೆರೆಯ ಹೋಲಿಕೆಯಿಂದ ಸುಲಭವಾಗಿ ತಿಳಿಯಬಹುದು. ಒಂದೊಂದು ಕ್ಯಾಮರಾವೂ ಒಂದೊಂದು ಕಾಲುವೆ. ಅದರಿಂದ ಚಿತ್ರ ನೀರಿನಂತೆ ಹಗಲಿರುಳು ಹರಿಯುತ್ತಿರುತ್ತದೆ. ಮನೆಯೊಳಗಿಡುವ ಎನ್.ವಿ.ಆರ್. ಎಂಬ ಪೆಟ್ಟಿಗೆಯೇ ಕೆರೆ. ಅದರೊಳಗಿನ ಹಾರ್ಡ್ ಡಿಸ್ಕ್ ಎಷ್ಟು ದೊಡ್ಡದೋ ಅಷ್ಟು ದಿನದ ಚಿತ್ರ ನಿಲ್ಲುತ್ತದೆ. ತುಂಬಿದ ಮೇಲೆ ಹಳೆಯ ಚಿತ್ರ ಕೋಡಿ ಬಿದ್ದ ನೀರಿನಂತೆ ಹೊರಟುಹೋಗಿ, ಹೊಸದು ಬಂದು ಸೇರುತ್ತದೆ. ಹೋದದ್ದು ಸಾಮಾನ್ಯವಾಗಿ ತಿರುಗಿ ಸಿಗದು.

ಹಳೆಯ ಮಾದರಿಯಲ್ಲಿ ಡಿ.ವಿ.ಆರ್. ಪೆಟ್ಟಿಗೆಗೆ ಟೀವಿ ಕೇಬಲ್ಲಿನಂತಹ ದಪ್ಪ ತಂತಿ ಎಳೆಯುತ್ತಾರೆ. ಕರೆಂಟಿಗೆ ಸಾಮಾನ್ಯವಾಗಿ ಬೇರೆ ತಂತಿ ಬೇಕು. ಹೊಸ ನೆಟ್‌ವರ್ಕ್ ಮಾದರಿಯಲ್ಲಿ ಒಂದೇ ತಂತಿಯಲ್ಲಿ ಚಿತ್ರವೂ ಕರೆಂಟೂ ಹರಿಯುತ್ತವೆ. ಇದಕ್ಕೆ ಪಿ.ಓ.ಇ. ಎನ್ನುತ್ತಾರೆ. ಹಳೆಯ ತಂತಿ ಈಗಾಗಲೇ ಇದ್ದು ಚೆನ್ನಾಗಿದ್ದರೆ ಅದನ್ನು ಕಿತ್ತೆಸೆಯುವ ಅಗತ್ಯವಿಲ್ಲ. ಹೊಸದಾಗಿ ಮಾಡುವವರು ಮಾತ್ರ ನೆಟ್‌ವರ್ಕ್ ಮಾದರಿಯನ್ನೇ ಆರಿಸುವುದು ಮೇಲು.

ಚಿತ್ರವನ್ನು ತನ್ನೊಳಗಿನ ಸಣ್ಣ ಕಾರ್ಡಿನಲ್ಲೇ ಇಟ್ಟುಕೊಳ್ಳುವ ಅಗ್ಗದ ಕ್ಯಾಮರಾಗಳೂ ಉಂಟು. ಕಳ್ಳ ಕ್ಯಾಮರಾವನ್ನೇ ಕಿತ್ತೊಯ್ದರೆ ಸಾಕ್ಷಿಯೂ ಅವನೊಡನೆಯೇ ಹೋಯಿತೆಂದು ತಿಳಿಯಿರಿ.

ಮೊದಲು ನಕ್ಷೆ, ಆಮೇಲೆ ಹಣ

ಒಂದು ಹಾಳೆಯ ಮೇಲೆ ಮನೆ, ಕಣ, ಕೊಟ್ಟಿಗೆ, ಉಗ್ರಾಣ ಮತ್ತು ದಾರಿಯನ್ನು ಗೀಚಿಕೊಳ್ಳಿ. ಕಳ್ಳನು ಎಲ್ಲಿಂದ ಬರಬಹುದು, ಮೂಟೆ ಹೊತ್ತು ಎಲ್ಲಿಂದ ಹೋಗಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕು, ಈ ಜಾಗಗಳಿಗೆ ಗುರುತು ಹಾಕಿ. ಇಡೀ ತೋಟವನ್ನು ಕಾಯುವ ಆಸೆ ಬೇಡ. ಎಲ್ಲರೂ ಹಾದುಹೋಗಲೇಬೇಕಾದ ಇಕ್ಕಟ್ಟಿನ ಜಾಗವನ್ನು ಕಾಯಿರಿ. ಬಹುಪಾಲು ಮನೆಗಳಿಗೆ ಮೂರು ನಾಲ್ಕು ಕ್ಯಾಮರಾ ಧಾರಾಳವಾಗಿ ಸಾಕು.

ಈಗ ಲೆನ್ಸಿನ ವಿಚಾರ. ಗುರುತಿಲ್ಲದವನ ಮುಖ ಸ್ಪಷ್ಟವಾಗಿ ತಿಳಿಯಬೇಕಾದರೆ, ಅವನು ನಿಂತಲ್ಲಿ ಒಂದು ಮೀಟರ್ ಅಗಲಕ್ಕೆ ಸುಮಾರು ೨೫೦ ಚುಕ್ಕಿಗಳು ಬೀಳಬೇಕೆಂಬುದು ಈ ಕಸುಬಿನ ಅಳತೆ. ಪರಿಚಿತನನ್ನು ಗುರುತಿಸಲು ಇದರ ಅರ್ಧ ಸಾಕು. ೪ ಮೆಗಾಪಿಕ್ಸೆಲ್ ಕ್ಯಾಮರಾದ ಚಿತ್ರದ ಅಗಲ ಸಾಮಾನ್ಯವಾಗಿ ೨೫೬೦ ಚುಕ್ಕಿ. ೨.೮ ಮಿಲಿಮೀಟರಿನ ಲೆನ್ಸ್ ಅಂಗಳವನ್ನೆಲ್ಲ ಅಗಲವಾಗಿ ತೋರಿಸುತ್ತದೆ. ಆದರೆ ಅಪರಿಚಿತನ ಮುಖ ಸುಮಾರು ೪ ಮೀಟರಿನೊಳಗೆ ಮಾತ್ರ ತಿಳಿಯುತ್ತದೆ. ೬ ಮಿಲಿಮೀಟರಿನ ಲೆನ್ಸ್ ಕಿರಿದಾದ ಜಾಗವನ್ನು ತೋರಿಸಿದರೂ ಸುಮಾರು ೧೧ ಮೀಟರ್ ದೂರದ ಮುಖವನ್ನು ತಿಳಿಸುತ್ತದೆ. ಆದುದರಿಂದ ಅಂಗಳದ ಒಟ್ಟು ನೋಟಕ್ಕೆ ಅಗಲದ ಲೆನ್ಸು, ಗೇಟಿಗೂ ಉಗ್ರಾಣದ ಬಾಗಿಲಿಗೂ ಕಿರಿದಾದ ಲೆನ್ಸು ಎಂದು ಕೇಳಿ ತೆಗೆದುಕೊಳ್ಳಿ.

ಡಬ್ಬಿಯ ಮೇಲೆ "ರಾತ್ರಿ ೩೦ ಮೀಟರ್" ಎಂದು ಬರೆದಿದ್ದರೆ, ಅದರ ದೀಪ ಅಷ್ಟು ದೂರ ಬೀಳುತ್ತದೆ ಎಂದಷ್ಟೇ ಅರ್ಥ. ಅಷ್ಟು ದೂರದ ಮುಖ ತಿಳಿಯುತ್ತದೆ ಎಂದಲ್ಲ.

ಕೂಡಿಸುವ ಕ್ರಮ

೧. ಮುಖ ತಿಳಿಯಬೇಕಾದ ಕ್ಯಾಮರಾವನ್ನು ನೆಲದಿಂದ ಎರಡೂವರೆಯಿಂದ ಮೂರು ಮೀಟರ್ ಎತ್ತರದಲ್ಲಿ ಕೂಡಿಸಿ. ಅದಕ್ಕಿಂತ ಮೇಲಕ್ಕೇರಿದರೆ ತಲೆಯ ಟೋಪಿ ಮಾತ್ರ ಕಾಣುತ್ತದೆ.

೨. ಮೂಡುವ ಮತ್ತು ಮುಳುಗುವ ಸೂರ್ಯನಿಗೆ ಎದುರಾಗಿ ತಿರುಗಿಸಬೇಡಿ. ತೀರ ಹತ್ತಿರದಲ್ಲಿ ಸುಣ್ಣ ಬಳಿದ ಗೋಡೆಯಾಗಲಿ ಬಾಳೆ ಎಲೆಯಾಗಲಿ ಇದ್ದರೆ ರಾತ್ರಿ ದೀಪದ ಬೆಳಕು ಅದಕ್ಕೆ ಬಡಿದು ಚಿತ್ರವೆಲ್ಲ ಬೆಳ್ಳಗಾಗುತ್ತದೆ.

೩. ನೆಟ್‌ವರ್ಕ್ ತಂತಿ ೧೦೦ ಮೀಟರ್ ಮೀರಬಾರದು. ಮೀರಿದರೆ ನಡುವೆ ಸ್ವಿಚ್ ಎಂಬ ಪೆಟ್ಟಿಗೆ ಇಡಬೇಕು, ಇಲ್ಲವೇ ಫೈಬರ್ ಎಳೆಯಬೇಕು. ಫೈಬರ್ ಗಾಜಿನ ಎಳೆಯಾದುದರಿಂದ ಅದರ ಮೂಲಕ ಸಿಡಿಲಿನ ವಿದ್ಯುತ್ ಹರಿಯದೆಂಬ ಲಾಭವೂ ಉಂಟು.

೪. ತಂತಿ ಪೂರ್ತಿ ತಾಮ್ರದ್ದಾಗಿರಲಿ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ತಂತಿ ಅಗ್ಗ. ಆದರೆ ದೂರದ ಕ್ಯಾಮರಾಕ್ಕೆ ಕರೆಂಟ್ ಸಾಲದೆ ಅದು ರಾತ್ರಿ ದೀಪ ಹೊತ್ತಿದೊಡನೆ ನಿಂತುಹೋಗಬಹುದು. ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಹಿಂದಿರುಗಿಸಿ.

೫. ತಂತಿಯನ್ನು ಪೈಪಿನೊಳಗೆ ಹಾಯಿಸಿ. ಇಲಿ, ಅಳಿಲು, ಬಿಸಿಲು ಮೂರೂ ಅದಕ್ಕೆ ಶತ್ರುಗಳು.

೬. ರೆಕಾರ್ಡರ್ ಪೆಟ್ಟಿಗೆಯನ್ನು ಜಗಲಿಯಲ್ಲಿ ಇಡಬೇಡಿ. ಒಳಕೋಣೆಯಲ್ಲಿ, ಗಾಳಿಯಾಡುವ ಬೀಗದ ಕಪಾಟಿನಲ್ಲಿಡಿ.

ದೂರದ ಹೊಲದಲ್ಲಿ ತಂತಿ ಎಳೆಯಲಾಗದಿದ್ದರೆ, ಸೌರಫಲಕವೂ ಸಿಮ್ ಕಾರ್ಡೂ ಇರುವ ಕ್ಯಾಮರಾ ಸಿಗುತ್ತದೆ. ಕೊಳ್ಳುವ ಮುನ್ನ ಅದೇ ಜಾಗದಲ್ಲಿ ನಿಂತು ಮೊಬೈಲಿನ ಸಿಗ್ನಲ್ ಪರೀಕ್ಷಿಸಿ. ಇಂತಹುದಕ್ಕೆ ಅಲುಗಾಟ ಕಂಡಾಗ ಮಾತ್ರ ಚಿತ್ರ ತೆಗೆದು ಸುದ್ದಿ ಕಳುಹಿಸುವ ಕ್ರಮವೇ ಸರಿ. ಸದಾ ಚಿತ್ರ ಕಳುಹಿಸಿದರೆ ಸಿಮ್ಮಿನ ಡೇಟಾವೂ ಬ್ಯಾಟರಿಯೂ ಬೇಗ ಖಾಲಿಯಾಗುತ್ತವೆ. ಚಿತ್ರ ಕಾರ್ಡಿನಲ್ಲೇ ಇರುವುದರಿಂದ ಇದನ್ನು ಕೈಗೆಟುಕದ ಕಂಬದ ಮೇಲೆ ಭದ್ರವಾಗಿ ಬಿಗಿಯಿರಿ.

ಹಾರ್ಡ್ ಡಿಸ್ಕಿನ ಲೆಕ್ಕ

ಅಂಗಡಿಯವನ ಮಾತಿಗೆ ಕಾಯದೆ ಈ ಲೆಕ್ಕವನ್ನು ನೀವೇ ಹಾಕಬಹುದು. ಕ್ಯಾಮರಾದ ಹರಿವನ್ನು ಮೆಗಾಬಿಟ್ಟಿನಲ್ಲಿ ಅಳೆಯುತ್ತಾರೆ. ಸೆಕೆಂಡಿಗೆ ೨ ಮೆಗಾಬಿಟ್ ಹರಿಯುವ ಒಂದು ಕ್ಯಾಮರಾಕ್ಕೆ ದಿನವೊಂದಕ್ಕೆ ೨೧.೬ ಗಿಗಾಬೈಟ್ ಜಾಗ ಬೇಕು. ನಾಲ್ಕು ಕ್ಯಾಮರಾಕ್ಕೆ ದಿನಕ್ಕೆ ೮೬.೪ ಗಿಗಾಬೈಟ್. ೧ ಟೆರಾಬೈಟಿನ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬುತ್ತದೆ. ೩೦ ದಿನ ಉಳಿಯಬೇಕಾದರೆ ಸುಮಾರು ೨,೬೦೦ ಗಿಗಾಬೈಟ್ ಬೇಕು. ಆದುದರಿಂದ ೪ ಟೆರಾಬೈಟ್ ತೆಗೆದುಕೊಂಡರೆ ನೆಮ್ಮದಿ. ಹರಿವು ೪ ಮೆಗಾಬಿಟ್ ಆದರೆ ಇದೆಲ್ಲವೂ ಎರಡರಷ್ಟು. ಎಚ್.೨೬೫ ಎಂಬ ಕ್ರಮದಲ್ಲಿ ಚಿತ್ರವನ್ನು ಕುಗ್ಗಿಸಿಡುವ ಕ್ಯಾಮರಾ ಹಳೆಯ ಎಚ್.೨೬೪ ಕ್ರಮಕ್ಕಿಂತ ಹೆಚ್ಚು ಕಡಿಮೆ ಅರ್ಧ ಜಾಗದಲ್ಲಿ ಅದೇ ಚಿತ್ರ ಕೊಡುತ್ತದೆ. ಹಗಲಿರುಳು ಬರೆಯುವ ಈ ಕೆಲಸಕ್ಕೆಂದೇ ಮಾಡಿದ ಡಿಸ್ಕ್ ಕೇಳಿ ಪಡೆಯಿರಿ.

ಕರೆಂಟು ಮತ್ತು ಸಿಡಿಲು

ಕರೆಂಟು ಹೋದ ಹೊತ್ತೇ ಕಳ್ಳನಿಗೆ ಅನುಕೂಲದ ಹೊತ್ತು. ನಾಲ್ಕು ಕ್ಯಾಮರಾ, ರೆಕಾರ್ಡರ್ ಮತ್ತು ಇಂಟರ್‌ನೆಟ್ ಪೆಟ್ಟಿಗೆ ಸೇರಿ ಸುಮಾರು ೫೦ ವ್ಯಾಟ್ ಎಳೆಯುತ್ತವೆ ಎನ್ನೋಣ. ೧೨ ವೋಲ್ಟಿನ ೧೦೦ ಆಂಪಿಯರ್-ಅವರ್ ಬ್ಯಾಟರಿಯ ಅರ್ಧವನ್ನು ಮಾತ್ರ ಬಳಸಿದರೂ ಸುಮಾರು ಹತ್ತು ಗಂಟೆ ನಡೆಯುತ್ತದೆ. ಎಂದರೆ ಮನೆಯ ಇನ್ವರ್ಟರಿನಿಂದಲೇ ಒಂದು ರಾತ್ರಿ ಕಳೆಯಬಹುದು. ಫ್ಯಾನು ಮತ್ತು ಟೀವಿಯನ್ನು ಅದರಿಂದಲೇ ಓಡಿಸಿದರೆ ಈ ಲೆಕ್ಕ ನಡೆಯದು. ಮುಂಗಾರಿಗೆ ಮುಂಚಿನ ಸಿಡಿಲು ಮಳೆಗೆ ಮೊದಲು ಅರ್ಥಿಂಗ್ ಪರೀಕ್ಷಿಸಿ, ಸರ್ಜ್ ತಡೆಯುವ ಸಾಧನ ಹಾಕಿಸಿ.

ಬೇಲಿಯೇ ಹೊಲ ಮೇಯದಿರಲಿ

ಕ್ಯಾಮರಾವನ್ನು ಇಂಟರ್‌ನೆಟ್ಟಿಗೆ ಸೇರಿಸಿದೊಡನೆ ಅದರ ಬಾಗಿಲು ಪ್ರಪಂಚಕ್ಕೆಲ್ಲ ತೆರೆದಂತೆ. ೨೦೧೬ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಲಕ್ಷಾಂತರ ಕ್ಯಾಮರಾ, ರೆಕಾರ್ಡರ್ ಮುಂತಾದ ಸಲಕರಣೆಗಳನ್ನು ವಶಮಾಡಿಕೊಂಡು, ಅವುಗಳಿಂದಲೇ ದೊಡ್ಡ ದೊಡ್ಡ ಜಾಲತಾಣಗಳ ಮೇಲೆ ದಾಳಿ ನಡೆಸಿತು. ಅದು ಒಳಹೊಕ್ಕದ್ದು ಹೇಗೆ? ಕಾರ್ಖಾನೆಯಿಂದ ಬಂದ ಗುಪ್ತಪದವನ್ನು ಮಾಲೀಕರು ಬದಲಾಯಿಸಿರಲಿಲ್ಲ, ಅಷ್ಟೇ!

ಆದುದರಿಂದ ಕೂಡಿಸಿದ ದಿನವೇ ಪಾಸ್‌ವರ್ಡ್ ಬದಲಾಯಿಸಿ. ಹನ್ನೆರಡು ಅಕ್ಷರಕ್ಕೆ ಕಡಿಮೆ ಬೇಡ. ಮೊಬೈಲ್ ನಂಬರೂ ಮಕ್ಕಳ ಹೆಸರೂ ಬೇಡ. ಕೂಡಿಸಿದವನಿಗೆ ಪಾಸ್‌ವರ್ಡ್ ಗೊತ್ತಿದ್ದರೆ ಅವನು ಹೋದ ಮೇಲೆ ಮತ್ತೊಮ್ಮೆ ಬದಲಾಯಿಸಿ. ಅವನು ರೂಟರಿನಲ್ಲಿ "ಪೋರ್ಟ್ ತೆರೆಯುತ್ತೇನೆ" ಎಂದರೆ ಒಪ್ಪಬೇಡಿ. ತಯಾರಕರು ಕಳುಹಿಸುವ ಹೊಸ ತಿದ್ದುಪಡಿಗಳನ್ನು ಹಾಕಿಸಿ. ಭಾರತ ಸರ್ಕಾರವು ೨೦೨೫ರ ಏಪ್ರಿಲ್‌ನಿಂದ ಸಿ.ಸಿ.ಟಿ.ವಿ. ಕ್ಯಾಮರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯ ಮಾಡಿದೆ. ಈ ಪರೀಕ್ಷೆ ಮುಗಿಸಿದ ಮಾದರಿಯೇ ಎಂದು ಕೇಳಿ, ಬಿಲ್ಲು ಪಡೆದು ಕೊಳ್ಳಿ.

ನೆರೆಯವರ ಮರ್ಯಾದೆ

ಕಾವಲಿನ ಕಣ್ಣು ನಿಮ್ಮ ಕಣವನ್ನು ನೋಡಲಿ, ಪಕ್ಕದ ಮನೆಯ ಹಿತ್ತಲನ್ನಲ್ಲ. ಬಚ್ಚಲು, ಹೆಂಗಸರು ನೀರಿಗೆ ಬರುವ ಜಾಗ ಮತ್ತು ನೆರೆಯವರ ಕಿಟಕಿ ಚಿತ್ರದಲ್ಲಿ ಬೀಳಬಾರದು. ಬಿದ್ದರೆ ಆ ಭಾಗವನ್ನು ಮರೆಮಾಡುವ ಸೌಕರ್ಯ ಬಹುತೇಕ ಕ್ಯಾಮರಾಗಳಲ್ಲಿದೆ. ಹೆಣ್ಣುಮಕ್ಕಳನ್ನು ಖಾಸಗಿ ಸ್ಥಿತಿಯಲ್ಲಿ ಕದ್ದು ಚಿತ್ರಿಸುವುದು ಭಾರತೀಯ ನ್ಯಾಯ ಸಂಹಿತೆಯ ೭೭ನೆಯ ಕಲಮಿನಂತೆ ಅಪರಾಧ. ಕೂಡಿಸುವ ಮುನ್ನ ನೆರೆಯವರನ್ನು ಕರೆದು ಪರದೆಯ ಮೇಲೆ ತೋರಿಸಿ. ಮುಂದಿನ ಜಗಳವೊಂದು ಅಲ್ಲೇ ತಪ್ಪುತ್ತದೆ. ಹಾಲಿನ ಸಂಘ ಅಥವಾ ದೇವಸ್ಥಾನದಲ್ಲಿ ಹಾಕುವುದಾದರೆ, ಚಿತ್ರ ನೋಡುವವರು ಯಾರು, ಎಷ್ಟು ದಿನ ಇಡುವುದು ಎಂಬುದನ್ನು ಸಭೆಯಲ್ಲಿ ತೀರ್ಮಾನಿಸಿ ಬರೆದಿಡಿ.

ಕಳವಾದ ದಿನ ಏನು ಮಾಡಬೇಕು?

ಮೊದಲು ೧೧೨ಕ್ಕೆ ಕರೆಮಾಡಿ ಪೊಲೀಸರಿಗೆ ತಿಳಿಸಿ. ರೆಕಾರ್ಡರನ್ನು ಬಿಚ್ಚಬೇಡಿ, ಡಿಸ್ಕನ್ನು ಅಳಿಸಬೇಡಿ. ಬೇಕಾದ ಹೊತ್ತಿನ ಚಿತ್ರವನ್ನು ಅಂದೇ ಪೆನ್ ಡ್ರೈವಿಗೆ ತೆಗೆದಿಡಿ. ತಡಮಾಡಿದರೆ ಕೋಡಿ ಬೀಳುವುದನ್ನು ಮರೆಯಬೇಡಿ. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಕಲಮಿನಂತೆ, ಇಂತಹ ನಕಲನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು ಪ್ರಮಾಣಪತ್ರ ಬೇಕು. ಅದನ್ನು ಠಾಣೆಯಲ್ಲಿ ಕೇಳಿ ತಿಳಿದುಕೊಳ್ಳಿ. ಪೆಟ್ಟಿಗೆಯ ಗಡಿಯಾರ ಎರಡು ಗಂಟೆ ತಪ್ಪಿದ್ದರೆ ಸಾಕ್ಷ್ಯವೇ ಸಂಶಯಕ್ಕೆ ಒಳಗಾಗುತ್ತದೆ. ಆದುದರಿಂದ ಗಡಿಯಾರ ಇಂಟರ್‌ನೆಟ್ಟಿನಿಂದ ತಾನೇ ಸರಿಯಾಗುವಂತೆ ಮೊದಲೇ ಏರ್ಪಡಿಸಿರಬೇಕು.

ಚಿತ್ರವನ್ನು "ಇವನೇ ಕಳ್ಳ" ಎಂದು ಬರೆದು ವಾಟ್ಸಾಪಿನಲ್ಲಿ ಹರಡಲೇಬೇಡಿ. ರಾತ್ರಿಯ ಮಸಕು ಚಿತ್ರದಲ್ಲಿ ಕೂಲಿ ಮುಗಿಸಿ ಹೋಗುವವನೂ ಕಳ್ಳನಂತೆಯೇ ಕಾಣುತ್ತಾನೆ. ೨೦೧೮ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ, ಮೊಬೈಲಿನಲ್ಲಿ ಹಬ್ಬಿದ ಮಕ್ಕಳ ಕಳ್ಳರ ಸುಳ್ಳು ಸುದ್ದಿಯಿಂದ ಜನ ರೊಚ್ಚಿಗೆದ್ದು ನಿರಪರಾಧಿಯೊಬ್ಬರ ಪ್ರಾಣ ತೆಗೆದರು. ಹೋದ ಅಡಿಕೆಯನ್ನು ಮುಂದಿನ ವರ್ಷ ಬೆಳೆಯಬಹುದು. ಹೋದ ಪ್ರಾಣವನ್ನು ಬೆಳೆಯಲಾಗದು.

ತಿಂಗಳಿಗೊಮ್ಮೆ ಪರೀಕ್ಷೆ

ರಾತ್ರಿಯ ದೀಪಕ್ಕೆ ಹುಳು ಬರುತ್ತದೆ, ಹುಳುವಿಗೆ ಜೇಡ ಬಂದು ಬಲೆ ಕಟ್ಟುತ್ತದೆ. ಪ್ರತಿ ತಿಂಗಳ ಒಂದನೆಯ ತಾರೀಖು ಮೆತ್ತನೆಯ ಬಟ್ಟೆಯಿಂದ ಗಾಜು ಒರೆಸಿ. ಹಿಂದಿನ ರಾತ್ರಿಯ ಚಿತ್ರವನ್ನು ತೆಗೆದು ನೋಡಿ. ಗಡಿಯಾರ ಸರಿಯಿದೆಯೇ, ಹದಿನೈದು ದಿನದ ಹಿಂದಿನ ಚಿತ್ರ ಸಿಗುತ್ತದೆಯೇ ಎಂದು ಪರೀಕ್ಷಿಸಿ. ಡಿಸ್ಕ್ ಕೆಟ್ಟು ತಿಂಗಳಾದರೂ ಪರದೆಯ ಮೇಲೆ ಈ ಹೊತ್ತಿನ ಚಿತ್ರ ಕಾಣುತ್ತಲೇ ಇರಬಹುದು; ಎಲ್ಲವೂ ಸರಿಯಿದೆ ಎಂದು ಮನೆಯವರು ನಂಬಿರುತ್ತಾರೆ. ಕಳವಾದ ಬೆಳಿಗ್ಗೆ ಇದು ತಿಳಿದರೆ ಏನು ಪ್ರಯೋಜನ?

ಕೊನೆಯದಾಗಿ ಒಂದು ಮಾತು. ಕ್ಯಾಮರಾ ಕಳ್ಳನ ಕೈ ಹಿಡಿಯುವುದಿಲ್ಲ. ಆದದ್ದನ್ನು ಹೇಳುತ್ತದೆ, ಅಷ್ಟೇ. ಮೊದಲು ಉಗ್ರಾಣಕ್ಕೆ ಗಟ್ಟಿ ಬೀಗ, ಕಣಕ್ಕೊಂದು ದೀಪ, ನೆರೆಯವರೊಡನೆ ಸರದಿಯ ಕಾವಲು, ಇವುಗಳನ್ನು ಏರ್ಪಡಿಸಿ. ಅದರ ಮೇಲೆ ಹಾಸಿಗೆ ಇದ್ದಷ್ಟು ಕಾಲು ಚಾಚಿ. ಹತ್ತು ಅಗ್ಗದ ಕ್ಯಾಮರಾಗಳಿಗಿಂತ ಸರಿಯಾದ ಜಾಗದಲ್ಲಿರುವ ಎರಡು ಒಳ್ಳೆಯ ಕ್ಯಾಮರಾಗಳೇ ಮೇಲು. ಈ ಸುಗ್ಗಿಗೆ ಮೊದಲೇ ನಕ್ಷೆ ಗೀಚಲು ತೊಡಗಿರಿ.