ಬೆನ್ನ ಮೇಲಿನ ಗಾಯವೇ ಗುರುತು

ಅಮೆರಿಕದ ಫ್ಲಾರಿಡಾದಲ್ಲಿ, ಸೇಂಟ್ ಜಾನ್ಸ್ ನದಿಗೆ ಸೇರುವ ಬ್ಲೂ ಸ್ಪ್ರಿಂಗ್ ಎಂಬ ಬುಗ್ಗೆಯ ನೀರು ವರ್ಷವಿಡೀ ಸುಮಾರು 22 ಡಿಗ್ರಿ ಸೆಲ್ಸಿಯಸ್. ನವೆಂಬರ್‌ನಲ್ಲಿ ನದಿ ತಣ್ಣಗಾಗತೊಡಗಿದಾಗ ಮ್ಯಾನಟೀ ಎಂಬ ದೊಡ್ಡ ಜಲಸಸ್ತನಿಗಳು ಒಂದೊಂದಾಗಿ ಇಲ್ಲಿಗೆ ಬರುತ್ತವೆ. 20 ಡಿಗ್ರಿಗಿಂತ ತಣ್ಣನೆಯ ನೀರಿನಲ್ಲಿ ಬಹಳ ದಿನ ಕಳೆದರೆ ಅವುಗಳ ಜೀವಕ್ಕೇ ಸಂಚಕಾರ. ಚಳಿಗಾಲದ ಬೆಳಿಗ್ಗೆ ಗಣತಿಯವರು ಸಣ್ಣ ದೋಣಿಯಲ್ಲಿ ಕುಳಿತು, ತಿಳಿನೀರಿನ ತಳದಲ್ಲಿ ಮಲಗಿದ ಒಂದೊಂದರ ಬೆನ್ನನ್ನೂ ಬಾಲವನ್ನೂ ನೋಡುತ್ತಾ ಹೋಗುತ್ತಾರೆ. ದೋಣಿಗಳ ಪ್ರೊಪೆಲ್ಲರ್ ಕೊಯ್ದ ಗೀರುಗಳು ಒಂದರ ಮೈಮೇಲೆ ಇದ್ದಂತೆ ಇನ್ನೊಂದರ ಮೈಮೇಲೆ ಇರುವುದಿಲ್ಲ. ಆ ಗೀರು ನೋಡಿಯೇ ಇದು ಯಾರು, ಹೋದ ವರ್ಷ ಬಂದಿತ್ತೇ, ಜೊತೆಗೆ ಮರಿ ಇದೆಯೇ ಎಂದು ಬರೆದುಕೊಳ್ಳುತ್ತಾರೆ. ವೇನ್ ಹಾರ್ಟ್‌ಲಿ ಎಂಬ ಪಾರ್ಕ್ ರೇಂಜರ್ ಈ ಕೆಲಸವನ್ನು ದಶಕಗಳ ಕಾಲ ಬಿಡದೆ ಮಾಡಿದರು. 1970ರ ಸುಮಾರಿಗೆ ಇಲ್ಲಿ ಸಿಕ್ಕ ಲೆಕ್ಕ 36. 2024ರ ಜನವರಿಯಲ್ಲಿ ಒಂದೇ ದಿನ 900ಕ್ಕೂ ಹೆಚ್ಚು.

ಗಾಯದ ಗುರುತುಗಳ ಈ ದಾಖಲೆಗೆ ರಾಜ್ಯಮಟ್ಟದಲ್ಲಿ ಒಂದು ಭಂಡಾರವೇ ಇದೆ. ಗೇನ್ಸ್‌ವಿಲ್‌ನಲ್ಲಿರುವ ಸೈರೀನಿಯಾ ಪ್ರಾಜೆಕ್ಟ್, ಫ್ಲಾರಿಡಾ ವನ್ಯಜೀವಿ ಆಯೋಗ ಮತ್ತು ಮೋಟ್ ಸಾಗರ ಪ್ರಯೋಗಾಲಯ ಸೇರಿ ಇದನ್ನು ನಡೆಸುತ್ತವೆ. ಸಾವಿರಾರು ಮ್ಯಾನಟೀಗಳ ಫೋಟೋಗಳು ಅಲ್ಲಿವೆ. ಗುರುತಿಸಲು ಬೇಕಾದಷ್ಟು ಗಾಯಗಳಾಗಿರುವುದು ನಮ್ಮ ದೋಣಿಗಳಿಂದಲೇ ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ಆದರೂ ಒಂದು ಹೆಣ್ಣು ಎಷ್ಟು ವರ್ಷ ಬದುಕಿತು, ಎಷ್ಟು ವರ್ಷಕ್ಕೊಮ್ಮೆ ಮರಿ ಹಾಕಿತು ಎಂದು ನಮಗೆ ತಿಳಿದಿದ್ದರೆ ಅದು ಬಹುಪಾಲು ಈ ಫೋಟೋಗಳಿಂದ.

ಮ್ಯಾನಟೀ ನೀರಿನಲ್ಲೇ ಬದುಕಿದರೂ ಬಳಗದಲ್ಲಿ ಆನೆಗೆ ಹತ್ತಿರ. ಈಜುಗೈಯ ತುದಿಯಲ್ಲಿ ಆನೆಯಂಥದೇ ಉಗುರು, ಹಿಂದಿನಿಂದ ಮುಂದಕ್ಕೆ ಸರಿದು ಬರುವ ದವಡೆಹಲ್ಲು, ಹುಲ್ಲೇ ಊಟ. ಹಾಸನದ ಕಾಡಾನೆಗಳ ಕೊರಳಿಗೆ ರೇಡಿಯೋ ಕಾಲರ್ ಹಾಕುವುದು ನಮಗೆ ಗೊತ್ತಿರುವ ಸಂಗತಿ. ಮ್ಯಾನಟೀಗೆ ಕೊರಳೆಂಬುದು ಕಾಣಿಸುವುದೇ ಇಲ್ಲ. ಹಾಗಾಗಿ ಬಾಲದ ಬುಡಕ್ಕೆ ಬೆಲ್ಟ್ ಕಟ್ಟುತ್ತಾರೆ. ಬೆಲ್ಟಿನಿಂದ ಬಾಗುವ ಒಂದು ಕಡ್ಡಿ, ಅದರ ತುದಿಯಲ್ಲಿ ತೇಲುವ ಟ್ರಾನ್ಸ್‌ಮಿಟರ್. ಪ್ರಾಣಿ ಆಳವಿಲ್ಲದ ಕಡೆ ಮೇಯುವಾಗ ಅದು ಮೇಲೆದ್ದು ಉಪಗ್ರಹಕ್ಕೆ ಸುಳಿವು ಕೊಡುತ್ತದೆ. ಎಲ್ಲಾದರೂ ಸಿಕ್ಕಿಕೊಂಡರೆ ಪ್ರಾಣಿ ಎಳೆದೊಡನೆ ತುಂಡಾಗುವಂತೆ ಕಡ್ಡಿಯಲ್ಲಿ ಬೇಕೆಂದೇ ಒಂದು ದುರ್ಬಲ ಜಾಗ ಬಿಟ್ಟಿರುತ್ತಾರೆ. ಬೆಲ್ಟಿನ ಕೊಂಡಿಯೂ ಕಾಲಕ್ರಮೇಣ ತುಕ್ಕು ಹಿಡಿದು ತಾನಾಗಿ ಕಳಚಿಬೀಳುತ್ತದೆ. ಈ ಎಚ್ಚರ ನನಗೆ ಬಹಳ ಹಿಡಿಸಿತು.

ಚೆಸ್ಸಿ ಎಂಬ ಗಂಡಿನ ಕಥೆ ಹೊರಬಿದ್ದದ್ದು ಇಂಥ ಟ್ಯಾಗಿನಿಂದ. 1994ರಲ್ಲಿ ದೂರದ ಚೆಸಪೀಕ್ ಕೊಲ್ಲಿಯಲ್ಲಿ ಕಂಡ ಅವನು ಚಳಿಗೆ ಸಾಯಬಾರದೆಂದು ಹಿಡಿದು, ವಿಮಾನದಲ್ಲಿ ಫ್ಲಾರಿಡಾಕ್ಕೆ ತಂದು ಬಿಟ್ಟರು. ಮರುವರ್ಷ ಬೇಸಿಗೆಯಲ್ಲಿ ಅವನು ಮತ್ತೆ ಉತ್ತರಕ್ಕೆ ಹೊರಟು ರೋಡ್ ಐಲೆಂಡ್‌ವರೆಗೂ ಹೋದ. 2011ರಲ್ಲಿ ಮೇರಿಲ್ಯಾಂಡ್‌ನಲ್ಲಿ ಮತ್ತೆ ಕಂಡಾಗ ಟ್ಯಾಗ್ ಇರಲಿಲ್ಲ, ಗಾಯದ ಕಲೆ ನೋಡಿ ಗುರುತು ಹಿಡಿದರು.

ಆರೋಗ್ಯ ತಪಾಸಣೆಗೆ ಮಾತ್ರ ಪ್ರಾಣಿಯನ್ನು ಹಿಡಿಯಲೇಬೇಕು. ಫ್ಲಾರಿಡಾದ ಕ್ರಿಸ್ಟಲ್ ರಿವರ್‌ನಲ್ಲಿ ಬಲೆ ಬೀಸಿ ದಡಕ್ಕೆ ಎಳೆಯುತ್ತಾರೆ. ಸುಮಾರು 450 ಕಿಲೋ ಮೈ. ಒಬ್ಬರು ಉಸಿರನ್ನೇ ಗಮನಿಸುತ್ತಿದ್ದರೆ ಇನ್ನೊಬ್ಬರು ಚರ್ಮ ಒಣಗದಂತೆ ನೀರು ಸುರಿಯುತ್ತಿರುತ್ತಾರೆ. ಈಜುಗೈಯ ಎರಡು ಮೂಳೆಗಳ ನಡುವೆ ಸೂಜಿ ಹಾಕಿ ರಕ್ತ ತೆಗೆಯುತ್ತಾರೆ. ಮೈ ಸುತ್ತಳತೆಯನ್ನು ಟೇಪಿನಿಂದ, ಕೊಬ್ಬಿನ ದಪ್ಪವನ್ನು ಅಲ್ಟ್ರಾಸೌಂಡ್‌ನಿಂದ ಅಳೆಯುತ್ತಾರೆ. ಮೂತ್ರ, ಸಗಣಿ, ಬಾಲದಂಚಿನ ಚೂರು ಚರ್ಮವನ್ನೂ ಸಂಗ್ರಹಿಸಿ ಬೇಗನೆ ನೀರಿಗೆ ಬಿಡುತ್ತಾರೆ. ಹೊಟ್ಟೆಗಿಲ್ಲದ ಮ್ಯಾನಟೀಗೆ ತಲೆಯ ಹಿಂದೆ ತಗ್ಗು ಬೀಳುತ್ತದೆ, ಚಳಿ ತಗುಲಿದ್ದರ ಚರ್ಮ ಅಲ್ಲಲ್ಲಿ ಬಿಳಿಚಿಕೊಳ್ಳುತ್ತದೆ. ಸತ್ತವುಗಳ ಮರಣೋತ್ತರ ಪರೀಕ್ಷೆಗೆಂದೇ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪ್ರಯೋಗಾಲಯವಿದೆ. ಅಲ್ಲಿ ಕಿವಿಮೂಳೆಯ ಪದರಗಳನ್ನು ಎಣಿಸಿ ವಯಸ್ಸು ತಿಳಿಯುತ್ತಾರೆ.

ಇಷ್ಟೆಲ್ಲ ಲೆಕ್ಕ ಇಟ್ಟಿದ್ದರ ಬೆಲೆ 2021ರಲ್ಲಿ ತಿಳಿಯಿತು. ಆ ವರ್ಷ ಫ್ಲಾರಿಡಾದಲ್ಲಿ 1,100 ಮ್ಯಾನಟೀಗಳು ಸತ್ತವು. ಇಂಡಿಯನ್ ರಿವರ್ ಲಗೂನ್‌ಗೆ ಹರಿದುಬಂದ ಕೊಳಚೆ, ಗೊಬ್ಬರದಿಂದ ಪಾಚಿ ಹೆಚ್ಚಿ, ಬಿಸಿಲು ತಳ ಮುಟ್ಟದೆ ಕಡಲಹುಲ್ಲು ನಾಶವಾಗಿತ್ತು. ಅಲ್ಲಿನವು ಉಪವಾಸದಿಂದ ಸಾಯುತ್ತಿವೆ ಎಂದು ಹೇಳಲು ಹಳೆಯ ಅಳತೆಗಳು ಕೈಯಲ್ಲಿದ್ದವು. ಆ ಚಳಿಗಾಲ ಕೇಪ್ ಕೆನಾವೆರಲ್‌ನ ವಿದ್ಯುತ್ ಸ್ಥಾವರದ ಬಳಿ ಸರ್ಕಾರವೇ ರಾಶಿರಾಶಿ ಲೆಟ್ಯೂಸ್ ಸೊಪ್ಪು ಹಾಕಿ ಮೇಯಿಸಿತು.

ವಿದ್ಯುತ್ ಸ್ಥಾವರದ ಬಳಿಯೇ ಏಕೆಂದರೆ, ಅಲ್ಲಿಂದ ಹೊರಬೀಳುವ ಬೆಚ್ಚನೆಯ ನೀರಿಗಾಗಿ ಅವು ಸೇರುತ್ತವೆ. ಫ್ಲಾರಿಡಾದ ಅರ್ಧಕ್ಕೂ ಹೆಚ್ಚು ಮ್ಯಾನಟೀಗಳು ಚಳಿಗಾಲ ಕಳೆಯುವುದು ಇಂಥ ಕಡೆ. ಬೆಚ್ಚನೆಯ ಜಾಗದ ದಾರಿಯನ್ನು ಮರಿ ತಾಯಿಯ ಹಿಂದೆ ಈಜುತ್ತಲೇ ಕಲಿಯುತ್ತದೆ. ಹಳೆಯ ಸ್ಥಾವರಗಳು ಒಂದಲ್ಲ ಒಂದು ದಿನ ಮುಚ್ಚುತ್ತವೆ. ಆ ಹೊತ್ತಿಗೆ ಅವು ಹೋಗಿ ತಂಗಬಲ್ಲ ಸಹಜ ಬುಗ್ಗೆಗಳು ಯಾವುವು, ಎಲ್ಲಿ ಹೂಳು ತೆಗೆದು ದಾರಿ ಬಿಡಿಸಬೇಕು ಎಂದು ಈಗಲೇ ತೀರ್ಮಾನಿಸಬೇಕಾಗಿದೆ. ಬೆಲ್ಟ್ ಕಟ್ಟಿದವು ಎಲ್ಲಿ ಹೋಗಿ ತಂಗಿದವು ಎಂಬ ನಕ್ಷೆಯನ್ನು ಮುಂದಿಟ್ಟುಕೊಂಡು ಆ ಕೆಲಸ ನಡೆಯುತ್ತಿದೆ.